ಶಾರ್ಟ್ಸಾ, ಉದ್ದ ವಿಡಿಯೋನಾ?

ಕೊಪ್ಪಳದ ಕಡೆ ಸಣ್ಣ ಯೂಟ್ಯೂಬ್ ಚಾನೆಲ್ ಶುರು ಮಾಡುವವರಿಗೆ ಮೊದಲ ಗೊಂದಲ ಇದೇ ಅಲ್ವಾ?

ಬೇಗ ಜನ ಬರಬೇಕಾ, ಶಾರ್ಟ್ಸ್ ಅಂದರೆ ಯೂಟ್ಯೂಬ್‌ನ ಚಿಕ್ಕ ವಿಡಿಯೋ ಹಾಕಿ. ಆನೆಗೊಂದಿ ಹತ್ತಿರ ತುಂಗಭದ್ರೆಯಲ್ಲಿ ಹರಿಗೋಲು ಗಿರ್ರನೆ ತಿರುಗುವ ಅರ್ಧ ನಿಮಿಷ ಸಾಕು, ಕನ್ನಡ ಬಾರದವರೂ ನೋಡುತ್ತಾರೆ. ಆದರೆ ನೋಡಿ ಮುಂದಕ್ಕೆ ಸರಿಸುತ್ತಾರೆ. ಚಾನೆಲ್ ಹೆಸರು ಯಾರಿಗೆ ನೆನಪಿರುತ್ತದೆ?

ಉದ್ದ ವಿಡಿಯೋ ನಿಧಾನ. ಕಿನ್ನಾಳದ ಗೊಂಬೆಯನ್ನೇ ತಗೊಳ್ಳಿ. ಹಗುರ ಮರ ಕೆತ್ತಿ, ಹುಣಸೆ ಬೀಜದ ಅಂಟು ಹಚ್ಚಿ, ಬಣ್ಣ ಬಳಿದು, ಕೊನೆಗೆ ಕಣ್ಣು ಬರೆಯುವವರೆಗೆ ತೋರಿಸಲು ಹತ್ತು ನಿಮಿಷವಾದರೂ ಬೇಕು. ನೋಡುವವರು ಕಡಿಮೆ. ಆದರೆ ಕೂತು ನೋಡುತ್ತಾರೆ, ಗೊಂಬೆ ಎಲ್ಲಿ ಸಿಗುತ್ತದೆ ಅಂತ ಕೇಳುತ್ತಾರೆ. ತಿಂಗಳು ಕಳೆದ ಮೇಲೂ ಹುಡುಕಿಕೊಂಡು ಬರುತ್ತಾರೆ.

ಇನ್ನು ದುಡ್ಡು. ಜಾಹೀರಾತಿನ ಪಾಲು ಸಿಗಲು 1,000 ಚಂದಾದಾರರು ಬೇಕು. ಜೊತೆಗೆ 12 ತಿಂಗಳಲ್ಲಿ 4,000 ಗಂಟೆ ವೀಕ್ಷಣೆ, ಇಲ್ಲವೇ 90 ದಿನದಲ್ಲಿ 1 ಕೋಟಿ ಶಾರ್ಟ್ಸ್ ವೀಕ್ಷಣೆ. ಶಾರ್ಟ್ಸ್ ಫೀಡ್‌ನಲ್ಲಿ, ಅಂದರೆ ಒಂದಾದ ಮೇಲೊಂದು ಸರಿಸುತ್ತಾ ಹೋಗುವಲ್ಲಿ, ನೋಡಿದ ಸಮಯ ಆ 4,000 ಗಂಟೆಗೆ ಸೇರುವುದಿಲ್ಲ. ಸಣ್ಣ ಊರಿನ ಚಾನೆಲ್‌ಗೆ ಕೋಟಿ ದೂರದ ಮಾತು, ಗಂಟೆ ಲೆಕ್ಕವೇ ವಾಸಿ.

ನನ್ನ ಓಟು ಉದ್ದ ವಿಡಿಯೋಗೆ. ಶಾರ್ಟ್ಸ್ ಹಾಕಿ ಸುಮ್ನೆ ಬಿಡಬೇಡಿ, ಅದಕ್ಕೆ ‘ರಿಲೇಟೆಡ್ ವಿಡಿಯೋ’ ಆಯ್ಕೆಯಲ್ಲಿ ನಿಮ್ಮ ಉದ್ದ ವಿಡಿಯೋದ ಲಿಂಕ್ ಸೇರಿಸಿ.