ಎರಡು ಸೌಂಡ್ ಕಾರ್ಡ್‌ಗಳ ಲಿನಕ್ಸ್ ಕಂಪ್ಯೂಟರಿಗೆ ಪಾವುಕಂಟ್ರೋಲ್: ಬಳಸಿ ನೋಡಿದ ಮೇಲೆ

ನನ್ನ ಕಂಪ್ಯೂಟರಿಗೆ ಎರಡನೆಯ ಸೌಂಡ್ ಕಾರ್ಡನ್ನು ನಾನು ಬೇಕೆಂದು ಹಾಕಿಸಿದವನಲ್ಲ. ಮದರ್‌ಬೋರ್ಡಿನಲ್ಲಿ ಒಂದು ಇದ್ದೇ ಇತ್ತು. ಗ್ರಾಫಿಕ್ಸ್ ಕಾರ್ಡ್ ಕೂರಿಸಿದಾಗ ಅದರ ಎಚ್‌ಡಿಎಂಐ ಸಂಪರ್ಕದ ಜೊತೆಗೆ ಇನ್ನೊಂದು ತಾನಾಗಿಯೇ ಬಂದು ಸೇರಿತು. ಅಂದಿನಿಂದ ಹಿಂಬದಿಯ ಹಸಿರು ಸಾಕೆಟ್ಟಿಗೆ ಸಿಕ್ಕಿಸಿದ್ದ ಸ್ಪೀಕರುಗಳು ಮೌನವಾದವು. ಪ್ಲೇಯರಿನಲ್ಲಿ ಹಾಡು ಓಡುತ್ತಿತ್ತು, ಸದ್ದೆಲ್ಲ ಸ್ಪೀಕರೇ ಇಲ್ಲದ ಮಾನಿಟರಿನ ಕಡೆಗೆ ಹೋಗುತ್ತಿತ್ತು. ಹೆಡ್‌ಫೋನ್ ಸಿಕ್ಕಿಸಲು ಒಂದು ರಂಧ್ರವಿರುವ ಮಾನಿಟರುಗಳು ತಮಗೆ ಧ್ವನಿಯನ್ನೂ ಕಳಿಸಬಹುದು ಎಂದು ಗ್ರಾಫಿಕ್ಸ್ ಕಾರ್ಡಿಗೆ ತಿಳಿಸುವುದರಿಂದ, ಲಿನಕ್ಸ್ ಆ ಮಾತನ್ನು ನಂಬಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಈ ಗೊಂದಲವನ್ನು ಬಿಡಿಸಲು ನನಗೆ ನೆರವಾದ ಪಾವುಕಂಟ್ರೋಲ್ ಎಂಬ ತಂತ್ರಾಂಶವನ್ನು ಕುರಿತು ಇಲ್ಲಿ ಬರೆಯುತ್ತಿದ್ದೇನೆ.

ಇದರ ಪೂರ್ಣ ಹೆಸರು ಪಲ್ಸ್‌ಆಡಿಯೋ ವಾಲ್ಯೂಮ್ ಕಂಟ್ರೋಲ್. ಪಲ್ಸ್‌ಆಡಿಯೋ ಎಂದರೆ ಲಿನಕ್ಸಿನಲ್ಲಿ ಕಾರ್ಯಕ್ರಮಗಳ ಸದ್ದನ್ನು ಸೌಂಡ್ ಕಾರ್ಡುಗಳಿಗೆ ತಲುಪಿಸುವ ವ್ಯವಸ್ಥೆ. ಜಿಪಿಎಲ್ ಪರವಾನಗಿಯ ಮುಕ್ತ ತಂತ್ರಾಂಶವಾದ ಇದು ಡೆಬಿಯನ್, ಉಬುಂಟು, ಫೆಡೋರಾ ಮುಂತಾದ ಲಿನಕ್ಸ್ ವಿತರಣೆಗಳ ಪ್ಯಾಕೇಜ್ ಭಂಡಾರಗಳಲ್ಲೇ ಸಿಗುತ್ತದೆ. ಉಬುಂಟು 2008ರಲ್ಲಿ, ತನ್ನ 8.04ನೆಯ ಆವೃತ್ತಿಯಲ್ಲಿ ಪಲ್ಸ್‌ಆಡಿಯೋವನ್ನು ಅಳವಡಿಸಿಕೊಂಡಿತು. ಫೆಡೋರಾ 2021ರ 34ನೆಯ ಆವೃತ್ತಿಯಲ್ಲಿ ಅದರ ಜಾಗಕ್ಕೆ ಪೈಪ್‌ವೈರ್ ಎಂಬ ಹೊಸ ವ್ಯವಸ್ಥೆಯನ್ನು ತಂದಿತು. ಪೈಪ್‌ವೈರ್ ಹಳೆಯ ಪಲ್ಸ್‌ಆಡಿಯೋದ ಭಾಷೆಯಲ್ಲೂ ಮಾತಾಡಬಲ್ಲದಾದ್ದರಿಂದ, ಒಳಗಿನ ವ್ಯವಸ್ಥೆ ಬದಲಾದರೂ ಈ ಕಿಟಕಿ ಹಾಗೆಯೇ ಉಳಿದಿದೆ, ನಮ್ಮ ಕೈಗೆ ಕೂತ ಅಭ್ಯಾಸವೂ ಹಾಳಾಗಿಲ್ಲ. ನನ್ನ ದೃಷ್ಟಿಯಲ್ಲಿ ಇದು ಸಣ್ಣ ಗುಣವಲ್ಲ.

ತೆರೆದೊಡನೆ ಐದು ಟ್ಯಾಬುಗಳು ಕಾಣುತ್ತವೆ: ಪ್ಲೇಬ್ಯಾಕ್, ರೆಕಾರ್ಡಿಂಗ್, ಔಟ್‌ಪುಟ್ ಡಿವೈಸಸ್, ಇನ್‌ಪುಟ್ ಡಿವೈಸಸ್, ಕಾನ್ಫಿಗರೇಷನ್. ಎರಡು ಕಾರ್ಡ್ ಇರುವವರು ಇವನ್ನು ಹಿಂದಿನಿಂದ ಮುಂದಕ್ಕೆ ನೋಡಬೇಕು ಎಂಬುದು ನಾನು ತಡವಾಗಿ ಕಲಿತ ವಿಷಯ. ಯಾವ ಕಾರ್ಡುಗಳು ಬಳಕೆಯಲ್ಲಿವೆ ಎಂಬುದನ್ನು ಕಾನ್ಫಿಗರೇಷನ್ ಹೇಳುತ್ತದೆ, ಸದ್ದಿಗೆ ಸಾಮಾನ್ಯ ದಾರಿ ಯಾವುದೆಂದು ಔಟ್‌ಪುಟ್ ಡಿವೈಸಸ್ ಹೇಳುತ್ತದೆ, ಈ ಕ್ಷಣದಲ್ಲಿ ನುಡಿಯುತ್ತಿರುವ ಒಂದೊಂದು ಕಾರ್ಯಕ್ರಮದ ಸದ್ದು ಎಲ್ಲಿಗೆ ಹೋಗುತ್ತಿದೆ ಎಂಬುದನ್ನು ಪ್ಲೇಬ್ಯಾಕ್ ಹೇಳುತ್ತದೆ. ಈ ಮೂರು ಪ್ರಶ್ನೆಗಳನ್ನು ಒಂದರೊಳಗೊಂದು ಕಲಸದೆ ಬೇರೆ ಬೇರೆಯಾಗಿಯೇ ಇಟ್ಟಿರುವುದರಿಂದ ನಾನು ಇದನ್ನು ಡೆಸ್ಕ್‌ಟಾಪಿನ ಮೂಲೆಯಲ್ಲಿರುವ ವಾಲ್ಯೂಮ್ ಗುರುತಿಗಿಂತ ಹೆಚ್ಚು ನೆಚ್ಚುತ್ತೇನೆ.

ಕಾನ್ಫಿಗರೇಷನ್ ಟ್ಯಾಬಿನಲ್ಲಿ ಮೊದಲು ಎದುರಾಗುವ ಕಷ್ಟ ಹೆಸರಿನದು. ನನ್ನ ಮದರ್‌ಬೋರ್ಡಿನ ಕಾರ್ಡ್ ಅಲ್ಲಿ 'ಸ್ಟಾರ್‌ಶಿಪ್/ಮಟೀಸ್ ಎಚ್‌ಡಿ ಆಡಿಯೋ ಕಂಟ್ರೋಲರ್' ಎಂದು ಕಾಣುತ್ತದೆ. ಅದು ಎಎಂಡಿ ಚಿಪ್‌ಗಳ ಒಂದು ಕುಲದ ಹೆಸರೇ ಹೊರತು ಹಸಿರು ಸಾಕೆಟ್ಟಿಗೂ ಅದಕ್ಕೂ ನಂಟಿದೆಯೆಂದು ಓದಿದವರಿಗೆ ಹೊಳೆಯುವಂತಿಲ್ಲ. ಹೆಸರಿನಲ್ಲಿ ಎಚ್‌ಡಿಎಂಐ ಎಂದಿರುವುದು ಗ್ರಾಫಿಕ್ಸ್ ಕಾರ್ಡಿನದು ಎಂದು ತಿಳಿದುಕೊಂಡು, ಉಳಿದದ್ದನ್ನು ಮದರ್‌ಬೋರ್ಡಿನದೆಂದು ಊಹಿಸಬೇಕಾಯಿತು. ಪ್ರತಿ ಕಾರ್ಡಿಗೂ ಒಂದು ಪ್ರೊಫೈಲ್, ಅಂದರೆ ಅದು ಯಾವ ಬಗೆಯಲ್ಲಿ ಕೆಲಸ ಮಾಡಬೇಕೆಂಬ ಹೊಂದಾಣಿಕೆ, ಇರುತ್ತದೆ. ಮದರ್‌ಬೋರ್ಡಿನದು ಅನಲಾಗ್ ಸ್ಟೀರಿಯೋ ಆಗಿರಬೇಕು. ಅದು ಡಿಜಿಟಲ್ ಎಂದೋ ಆಫ್ ಎಂದೋ ಇದ್ದರೆ ಔಟ್‌ಪುಟ್ ಟ್ಯಾಬಿನಲ್ಲಿ ನಿಮ್ಮ ಸ್ಪೀಕರಿನ ಸುಳಿವೇ ಸಿಗದು. ಎಚ್‌ಡಿಎಂಐ ಕಾರ್ಡಿನ ಪ್ರೊಫೈಲನ್ನು ನಾನು ಆಫ್ ಮಾಡಿದೆ, ಅರ್ಧ ತೊಂದರೆ ಅಲ್ಲಿಗೇ ಕಳೆಯಿತು.

ಎರಡು ಕಾರ್ಡುಗಳೂ ಬೇಕು ಎನ್ನುವವರು ಔಟ್‌ಪುಟ್ ಡಿವೈಸಸ್‌ಗೆ ಹೋಗಿ, ತಮಗೆ ಬೇಕಾದ ಸಾಧನದ ಪಕ್ಕದ ಸರಿ ಗುರುತಿನ ಗುಂಡಿಯನ್ನು ಒತ್ತಬೇಕು. ಪ್ರತಿ ಸಾಧನದ ಕೆಳಗೆ ಸದ್ದಿನ ಏರಿಳಿತ ತೋರಿಸುವ ಒಂದು ಪಟ್ಟಿ ಇರುತ್ತದೆ, ಇಡೀ ತಂತ್ರಾಂಶದಲ್ಲಿ ನನಗೆ ಅತ್ಯಂತ ಉಪಯುಕ್ತವೆನಿಸಿದ್ದು ಇದೇ. ಹಾಡು ಓಡುತ್ತಿರುವಾಗ ಎಚ್‌ಡಿಎಂಐ ಕೆಳಗಿನ ಪಟ್ಟಿ ಕುಣಿಯುತ್ತಿದ್ದರೆ ಸದ್ದು ದಾರಿ ತಪ್ಪಿದೆ ಎಂದರ್ಥ. ಅನಲಾಗ್ ಕೆಳಗಿನದು ಕುಣಿಯುತ್ತಿದ್ದೂ ಏನೂ ಕೇಳಿಸದಿದ್ದರೆ ತೊಂದರೆ ಇನ್ನೂ ಕೆಳಗಿನ ಹಂತದಲ್ಲಿದೆ, ಇಲ್ಲವೇ ತಂತಿಯಲ್ಲಿದೆ.

ಇಷ್ಟಾದರೂ ಒಂದೇ ಒಂದು ಕಾರ್ಯಕ್ರಮ ಮಾತ್ರ ಹಟ ಹಿಡಿದಂತೆ ಹಳೆಯ ಕಾರ್ಡಿಗೇ ಸದ್ದು ಕಳಿಸುತ್ತಿರಬಹುದು. ಯಾವ ಕಾರ್ಯಕ್ರಮವನ್ನು ಹಿಂದೆ ಯಾವ ಸಾಧನಕ್ಕೆ ಹೊಂದಿಸಿದ್ದೆವು ಎಂಬುದನ್ನು ವ್ಯವಸ್ಥೆ ನೆನಪಿಟ್ಟುಕೊಂಡಿರುತ್ತದೆ, ಆ ನೆನಪಿನ ಮುಂದೆ ಸಾಮಾನ್ಯ ದಾರಿಯ ಆಯ್ಕೆ ನಡೆಯುವುದಿಲ್ಲ. ಆಗ ಪ್ಲೇಬ್ಯಾಕ್ ಟ್ಯಾಬಿನಲ್ಲಿ ಆ ಕಾರ್ಯಕ್ರಮದ ಸಾಲಿನಲ್ಲೇ ಸಾಧನವನ್ನು ಬದಲಿಸಬೇಕು. ಕಾರ್ಯಕ್ರಮ ಸದ್ದು ಮಾಡುತ್ತಿರುವಾಗ ಮಾತ್ರ ಆ ಸಾಲು ಮೂಡುತ್ತದೆ. ಇದನ್ನು ತಿಳಿಯದೆ ಖಾಲಿ ಟ್ಯಾಬನ್ನು ನೋಡಿ ಮುಚ್ಚಿಬಿಡುವವರು ಇರಬಹುದೆಂದು ಹೇಳುತ್ತಿದ್ದೇನೆ.

ಪಾವುಕಂಟ್ರೋಲ್ ತಲುಪಲಾರದ ಜಾಗವೂ ಒಂದಿದೆ. ಕಾರ್ಡಿನ ಯಂತ್ರಾಂಶದೊಡನೆ ನೇರವಾಗಿ ವ್ಯವಹರಿಸುವುದು ಲಿನಕ್ಸಿನ ತಿರುಳಾದ ಕರ್ನೆಲ್ಲಿನಲ್ಲಿರುವ ಅಲ್ಸಾ ಎಂಬ ಧ್ವನಿ ವ್ಯವಸ್ಥೆ. ಅಲ್ಲಿ ಬಾಯಿ ಮುಚ್ಚಿಸಿದ ಚಾನೆಲ್ ಎಲ್ಲವೂ ಈ ಕಿಟಕಿಯಲ್ಲಿ ತೋರುವುದಿಲ್ಲ. ಕಮಾಂಡುಗಳನ್ನು ಬರೆಯುವ ಟರ್ಮಿನಲ್ಲಿನಲ್ಲಿ ಅಲ್ಸಾಮಿಕ್ಸರ್ ಎಂಬ ಕಾರ್ಯಕ್ರಮವನ್ನು ತೆರೆದು, ಎಫ್6 ಒತ್ತಿ ಸರಿಯಾದ ಕಾರ್ಡನ್ನು ಆರಿಸಿ, ಚಾನೆಲ್ಲಿನ ಕಂಬದ ಕೆಳಗೆ ಎರಡು ಎಂ ಅಕ್ಷರಗಳಿದ್ದರೆ ಎಂ ಕೀಲಿಯನ್ನೊತ್ತಿ ತೆರೆಯಬೇಕು. ಮುಂಬದಿಯಲ್ಲಿ ಹೆಡ್‌ಫೋನ್ ಸಿಕ್ಕಿಸಿದಾಗ ಹಿಂಬದಿಯ ಸ್ಪೀಕರ್ ನಿಂತುಹೋಗುತ್ತಿದ್ದರೆ ಅಲ್ಲಿಯೇ ಇರುವ ಆಟೋ-ಮ್ಯೂಟ್ ಆಯ್ಕೆಯನ್ನು ನೋಡಬೇಕು. ಸ್ಪೀಕರ್-ಟೆಸ್ಟ್ ಕಮಾಂಡ್ ಒಂದೊಂದು ಕಾರ್ಡನ್ನೂ ಬೇರೆಯಾಗಿ ಪರೀಕ್ಷಿಸಲು ಒದಗುತ್ತದೆ. ಕಾರ್ಡುಗಳ 0, 1 ಎಂಬ ಕ್ರಮಸಂಖ್ಯೆಯನ್ನು ಮಾತ್ರ ನೆಚ್ಚಬಾರದು, ಡ್ರೈವರುಗಳು ಕಾರ್ಡುಗಳನ್ನು ಗುರುತಿಸಿದ ಸರದಿಯಂತೆ ಅದು ಮುಂದಿನ ಸಲ ಕಂಪ್ಯೂಟರ್ ಹಚ್ಚಿದಾಗ ಅದಲುಬದಲಾಗಬಹುದು. ಅಲ್ಸಾ ಕಡತಗಳಲ್ಲಿ ಕೈಯಾರೆ ಬರೆಯುವವರು ಸಂಖ್ಯೆಯ ಬದಲು ಕಾರ್ಡಿನ ಹೆಸರನ್ನೇ ಬರೆಯುವುದು ಕ್ಷೇಮ.

ವಾಲ್ಯೂಮಿನ ಜಾರುಗುಂಡಿ ನೂರನ್ನು ದಾಟಿ 153 ಪ್ರತಿಶತದವರೆಗೆ ಹೋಗುತ್ತದೆ. ಮೆಲುದನಿಯ ಹಳೆಯ ಧ್ವನಿಮುದ್ರಣಗಳನ್ನು ಕೇಳಲು ಇದು ಉಪಕಾರಿ, ಆದರೆ ಈಗಿನ ಹಾಡುಗಳಿಗೆ ಹಾಗೆ ಏರಿಸಿದರೆ ಸದ್ದು ಒಡೆಯುತ್ತದೆ.

ಒಂದೇ ಕಾರ್ಡ್ ಇರುವವರಿಗೆ ಈ ತಂತ್ರಾಂಶದ ಅಗತ್ಯ ಅಷ್ಟಾಗಿ ಬೀಳಲಾರದು. ಎರಡಿರುವವರು ಲಿನಕ್ಸ್ ಹಾಕಿದ ದಿನವೇ ಇದನ್ನೂ ಹಾಕಿಟ್ಟುಕೊಳ್ಳಲಿ ಎಂದು ಮನಃಪೂರ್ವಕವಾಗಿ ಹೇಳುತ್ತೇನೆ. ಎಚ್‌ಡಿಎಂಐ ಪ್ರೊಫೈಲನ್ನು ನನ್ನಂತೆ ಆಫ್ ಮಾಡಿದವರು, ಮುಂದೊಂದು ದಿನ ಕಂಪ್ಯೂಟರನ್ನು ಟಿವಿಗೆ ಜೋಡಿಸಿ ಸದ್ದು ಬಾರದಿದ್ದರೆ, ಮೊದಲು ಕಾನ್ಫಿಗರೇಷನ್ ಟ್ಯಾಬಿಗೆ ಹೋಗಿ ಆ ಪ್ರೊಫೈಲನ್ನು ಮರಳಿ ಆರಿಸಿಕೊಳ್ಳಬೇಕು.