ಬಿಎಸ್ಸಿ ನರ್ಸಿಂಗೋ, ಜಿಎನ್ಎಮ್ಮೋ?

ಶಿರಸಿ, ಕಾರವಾರದ ಕಡೆ ಪಿಯುಸಿ ಮುಗಿಸಿದವರು ಮೊದಲು ನೋಡಬೇಕಾದ್ದು ಮಾರ್ಕ್ಸ್ ಕಾರ್ಡು. ಬಿಎಸ್ಸಿ ನರ್ಸಿಂಗ್‌ಗೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿರಲೇಬೇಕು; ಸಾಮಾನ್ಯ ವರ್ಗಕ್ಕೆ ಶೇ. 45 ಅಂಕವೂ ಬೇಕು. ಆರ್ಟ್ಸ್, ಕಾಮರ್ಸ್‌ನವರಿಗೆ ಜಿಎನ್ಎಂ (ಜನರಲ್ ನರ್ಸಿಂಗ್ ಅಂಡ್ ಮಿಡ್ವೈಫರಿ) ಬಾಗಿಲು ತೆರೆದಿದೆ. ಅಲ್ಲಿಗೆ ಅರ್ಧ ಪ್ರಶ್ನೆ ಮುಗಿಯಿತು.

ಬಿಎಸ್ಸಿ 4 ವರ್ಷದ ಪದವಿ, 8 ಸೆಮಿಸ್ಟರ್. ಜಿಎನ್ಎಂ 3 ವರ್ಷದ ಡಿಪ್ಲೊಮಾ. ಉಳಿಯುವ ಒಂದು ವರ್ಷ ದೊಡ್ಡದಾಗಿ ಕಾಣುತ್ತದೆ ನಿಜ. ಆದರೆ ಜಿಎನ್ಎಂ ಮುಗಿಸಿ ಮುಂದೆ ಪದವಿ ಬೇಕೆನಿಸಿದರೆ ಪೋಸ್ಟ್ ಬೇಸಿಕ್ ಬಿಎಸ್ಸಿಗೆ ಮತ್ತೆ 2 ವರ್ಷ, ಒಟ್ಟು 5. ಎಂಎಸ್ಸಿ ಮಾಡಿ ಪಾಠ ಹೇಳುವ ಆಸೆಯಿದ್ದರೆ ಪದವಿ ಇಲ್ಲದೆ ಆಗದು. ಏಮ್ಸ್‌ನ ನರ್ಸಿಂಗ್ ಆಫೀಸರ್ ಹುದ್ದೆಯ ನಾರ್ಸೆಟ್ ಪರೀಕ್ಷೆಗೆ ಜಿಎನ್ಎಂನವರೂ ಕೂರಬಹುದು, ಆದರೆ 2 ವರ್ಷದ ಆಸ್ಪತ್ರೆ ಅನುಭವ ಕೇಳುತ್ತಾರೆ.

ವಿಜ್ಞಾನ ಓದಿದವರು ಬಿಎಸ್ಸಿಗೇ ಅರ್ಜಿ ಹಾಕಿ ಎನ್ನುತ್ತೇನೆ. ಸರ್ಕಾರಿ ಕೋಟಾದ ಸೀಟು ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಮೂಲಕ, ಸಿಇಟಿ ಬರೆದರೆ ಮಾತ್ರ. ಸಿಇಟಿ ಇಂಜಿನಿಯರಿಂಗ್‌ನವರಿಗಷ್ಟೇ ಅಂದುಕೊಂಡು ಕೂತರೆ ಮ್ಯಾನೇಜ್ಮೆಂಟ್ ಸೀಟಿನ ಫೀಸೇ ಗತಿ. ಮನೆಯಲ್ಲಿ ಬೇಗ ಸಂಬಳ ಬೇಕಿದ್ದರೆ ಜಿಎನ್ಎಂ ತಪ್ಪಲ್ಲ. ಯಾವುದೇ ಆದರೂ ಕಾಲೇಜಿಗೆ ನರ್ಸಿಂಗ್ ಕೌನ್ಸಿಲ್ ಮಾನ್ಯತೆ ಇದೆಯೇ, ಪ್ರಾಕ್ಟಿಕಲ್‌ಗೆ ಕಳಿಸುವ ಆಸ್ಪತ್ರೆ ಯಾವುದು ಎಂದು ಕೇಳಿದ ಮೇಲೇ ದುಡ್ಡು ಕಟ್ಟಿ. ಕಟ್ಟಡದ ಫೋಟೋ ನೋಡಿ ಅಲ್ಲ.