ಪನಾಮಾ ಸೊರಗು ರೋಗ: ಪಿಸಿಆರ್, ವಿಸಿಜಿ, ಕುಂಡ – ಯಾವುದನ್ನು ಆರಿಸೋಣ?

ನಂಜನಗೂಡು ರಸಬಾಳೆಯನ್ನು ಕಾಡಿದ ಫ್ಯುಸೇರಿಯಂ ಶಿಲೀಂಧ್ರ ಗೊತ್ತಲ್ವಾ? ಅದರ ರೇಸ್ 1 ಅನ್ನುವ ಬಗೆ ಕ್ಯಾವೆಂಡಿಷ್ ಬಾಳೆಯ ತಂಟೆಗೆ ಹೋಗುವುದು ಕಡಿಮೆ, ಟಿಆರ್4 (ಟ್ರಾಪಿಕಲ್ ರೇಸ್ 4) ಅನ್ನುವ ಬಗೆ ಅದನ್ನೂ ಬಿಡುವುದಿಲ್ಲ. ಪೆಟ್ರಿ ತಟ್ಟೆಯಲ್ಲಿ ಮಾತ್ರ ಎರಡೂ ಒಂದೇ ಥರ. ಬಣ್ಣ ನೋಡಿ ಹೇಳುತ್ತೇನೆ ಅನ್ನುವವರನ್ನು ನಂಬಬೇಡಿ. ಯಾವ ಬಗೆ ಅಂತ ತಿಳಿಯಲು ಮೂರು ಪರೀಕ್ಷೆಗಳಿವೆ.

ಆತುರವಿದ್ದರೆ ಪಿಸಿಆರ್, ಅಂದರೆ ಡಿಎನ್‌ಎಯ ಗುರುತಿನ ತುಣುಕನ್ನು ನಕಲು ಮಾಡಿ ಪತ್ತೆ ಹಚ್ಚುವ ಪರೀಕ್ಷೆ. ಡಿಎನ್‌ಎ ಕೈಯಲ್ಲಿದ್ದರೆ ಅದೇ ದಿನ ಜೆಲ್ ಮೇಲೆ ಗೆರೆ ಸಿಗುತ್ತದೆ. ಆದರೆ ಬಾಳೆಯೊಳಗೆ ಸುಮ್ನೆ ಬದುಕುವ ನೆಂಟ ಫ್ಯುಸೇರಿಯಂಗಳೂ ಕೆಲವು ಪ್ರೈಮರ್‌ಗಳಿಗೆ (ಆ ತುಣುಕನ್ನು ಹುಡುಕುವ ಡಿಎನ್‌ಎ ಚೂರುಗಳಿಗೆ) ಗೆರೆ ಕೊಟ್ಟು ಮೋಸ ಮಾಡುತ್ತವೆ.

ವಿಸಿಜಿ ಅಂದರೆ ಯಾವ ಶಿಲೀಂಧ್ರ ಯಾವುದರ ಜೊತೆ ಬೆಸೆಯುತ್ತದೆ ಅಂತ ನೋಡಿ ಗುಂಪು ಹೇಳುವ ಪರೀಕ್ಷೆ. ಇದಕ್ಕೆ ತಾಳ್ಮೆ ಜಾಸ್ತಿ ಬೇಕು, ವಾರಗಟ್ಟಲೆ ಕೆಲಸ. ಕ್ಲೋರೇಟ್ ಹಾಕಿದ ಅಗರ್ ಮೇಲೆ ಬೆಳೆಸಿ, ನೈಟ್ರೇಟ್ ಬಳಸಲಾಗದ ಮ್ಯುಟೆಂಟ್‌ಗಳನ್ನು (ಜೀನ್ ಬದಲಾದ ತಳಿಗಳನ್ನು) ಆರಿಸಬೇಕು. ಅವನ್ನು ಟೆಸ್ಟರ್, ಅಂದರೆ ಗುಂಪು ಮೊದಲೇ ಗೊತ್ತಿರುವ ತಳಿಯ ಎದುರು ಇಡಬೇಕು. ಗುಂಪು ಒಂದೇ ಆದರೆ, ತೆಳ್ಳಗೆ ಹರಡಿದ ಎರಡೂ ಸೇರುವ ಕಡೆ ಹತ್ತಿಯಂಥ ಬಿಳಿ ಗೆರೆ ಉಬ್ಬುತ್ತದೆ. ಟಿಆರ್4 ಇರುವುದು 01213/16 ಗುಂಪಿನಲ್ಲಿ. ಟೆಸ್ಟರ್ ಸೆಟ್ ಇಲ್ಲದಿದ್ದರೆ ಈ ದಾರಿಯೇ ಬೇಡ.

ಕುಂಡದ ಪರೀಕ್ಷೆ ಇನ್ನೂ ನಿಧಾನ. ಕ್ಯಾವೆಂಡಿಷ್ ಸಸಿಗೆ ಸೋಂಕು ತಗುಲಿಸಿ, ಆಮೇಲೆ ಗಡ್ಡೆ ಕತ್ತರಿಸಿ ಒಳಗಿನ ಕಂದು ಬಣ್ಣ ನೋಡುವುದು. ಶಿಲೀಂಧ್ರ ಹೊರಗೆ ಹೋಗದಂತೆ ಕಟ್ಟಿದ ಹಸಿರುಮನೆಯೂ ಬೇಕು.

ನಾನಾದರೆ ಮೊದಲು ಪಿಸಿಆರ್ ಮಾಡುತ್ತೇನೆ. ಹೊಸ ಜಾಗದಲ್ಲಿ ಟಿಆರ್4 ಅಂತ ಬಂದರೆ, ಉಳಿದೆರಡನ್ನೂ ಮಾಡದೆ ಬಾಯಿ ಬಿಡುವುದಿಲ್ಲ.